ಮೂರು ಸೆಂಟಿಮೀಟರ್‌ಗೆ ಯಾವ ಡಾಕ್ಟರು, ಯಾವ ಊರು?

ಎತ್ತರ ಹೆಚ್ಚಿಸಿಕೊಳ್ಳುವ ಆಪರೇಷನ್ ಬಗ್ಗೆ ಯೋಚಿಸುವವರೆಲ್ಲ ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ. ಯಾವ ಡಾಕ್ಟರು ಒಳ್ಳೆಯವರು? ದೆಹಲಿಗೆ ಹೋಗುವುದೋ, ಹೈದರಾಬಾದಿಗೋ, ದುಡ್ಡಿದ್ದರೆ ಇಸ್ತಾಂಬುಲ್‌ಗೋ? ಒಟ್ಟು ಎಷ್ಟಾಗುತ್ತದೆ? ಇವೆಲ್ಲ ಆಪರೇಷನ್ ಥಿಯೇಟರಿನೊಳಗಿನ ಕೆಲವು ಗಂಟೆಗಳ ಬಗೆಗಿನ ಪ್ರಶ್ನೆಗಳು. ಆಮೇಲಿನ ತಿಂಗಳುಗಳ ಬಗ್ಗೆ ಕೇಳುವವರು ಅಪರೂಪ. ಕಾಲು ಉದ್ದವಾಗುವುದು ಆ ತಿಂಗಳುಗಳಲ್ಲಿ. ಕೆಡುವುದಾದರೆ ಬಹುಪಾಲು ಕೆಡುವುದೂ ಆಗಲೇ. ಹಾಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ತಿಂಗಳುಗಳನ್ನು ಯಾವ ಮನೆಯಲ್ಲಿ, ಯಾರ ಕಣ್ಗಾವಲಿನಲ್ಲಿ ಕಳೆಯುತ್ತೀರಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಡಾಕ್ಟರು, ಊರು ಎರಡೂ ಅದರ ನಂತರದ ಮಾತು.

ಇದನ್ನು ಹೇಳಲು ನನಗೇನು ಹಕ್ಕು ಎಂದರೆ, ನಾನು ಚನ್ನಪಟ್ಟಣದವಳು, ಫಿಜಿಯೋಥೆರಪಿ ಓದಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಕಾಲಿಗೆ ರಿಂಗು ಹಾಕಿಸಿಕೊಂಡವರ ಮಂಡಿ ಬಗ್ಗಿಸುವುದು, ಪಾದ ಮೇಲೆತ್ತಿಸುವುದು ನನ್ನ ದಿನದ ಕೆಲಸ. ಅವರಲ್ಲಿ ಹೆಚ್ಚಿನವರು ಬೈಕಿನಿಂದ ಬಿದ್ದು ಮೂಳೆ ಪುಡಿಯಾದವರು, ಗಾಯಕ್ಕೆ ಕೀವು ತುಂಬಿ ಮೂಳೆ ಕೂಡದೆ ಒದ್ದಾಡಿದವರು. ಎತ್ತರಕ್ಕಾಗಿ ಬಂದವರಲ್ಲ. ಆದರೆ ಯಾಕೆ ಹಾಕಿಸಿಕೊಂಡಿರಿ ಎಂದು ರಿಂಗು ಕೇಳುವುದಿಲ್ಲ. ನೋವು, ಪಿನ್ನಿನ ಸುತ್ತ ಒಸರುವ ನೀರು, ರಾತ್ರಿ ಮಗ್ಗುಲು ಬದಲಿಸಲಾಗದ ಸಂಕಟ ಇಬ್ಬರಿಗೂ ಒಂದೇ.

ಇನ್ನೊಂದು ಕಾರಣ ಮನೆಯೊಳಗಿನದು. ಮಾಗಡಿ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಪದವಿ ಮುಗಿಸಿ ಎರಡು ವರ್ಷದಿಂದ ಪೊಲೀಸ್ ಕೆಲಸಕ್ಕೆ ತಯಾರಿ ನಡೆಸಿದ್ದಾನೆ. ನಮ್ಮ ರಾಜ್ಯದ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರಿಗೆ ಕನಿಷ್ಠ 168 ಸೆಂ.ಮೀ. ಎತ್ತರ ಬೇಕು, ಮಹಿಳೆಯರಿಗೆ 157. ಇವನು 165. ‘ಅಕ್ಕ, ಮೂರೇ ಮೂರು ಸೆಂಟಿಮೀಟರ್. ನೀನು ಆಸ್ಪತ್ರೇಲೇ ಇದ್ದೀಯ, ಒಳ್ಳೆ ಡಾಕ್ಟರ್ ಹೆಸರು ಹೇಳಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ’ ಎಂದು ಹಬ್ಬಕ್ಕೆ ಬಂದಾಗ ಹಿಂದೆಬಿದ್ದ. ಮೊಬೈಲಿನಲ್ಲಿ ಒಂದು ರೀಲ್ಸ್ ತೋರಿಸಿದ. ಕುಳ್ಳಗಿದ್ದವನು ಮೂರು ಸೆಕೆಂಡಿನಲ್ಲಿ ಉದ್ದವಾಗಿ ಸೂಟು ಹಾಕಿಕೊಂಡು ನಡೆದುಬರುತ್ತಾನೆ, ಹಿಂದೆ ಹಾಡು. ಚಿಕ್ಕಪ್ಪ ಹಿಪ್ಪುನೇರಳೆ ತೋಟದ ಪತ್ರ ಇಟ್ಟು ಸಾಲ ತರಲು ಸಿದ್ಧರಾಗಿದ್ದಾರೆ ಎಂದು ಆಮೇಲೆ ತಿಳಿಯಿತು.

ಎತ್ತರದ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂದು ಸಮಾಧಾನ ಹೇಳುವವರು ಸಾಮಾನ್ಯವಾಗಿ ಎತ್ತರವಾಗಿಯೇ ಇರುತ್ತಾರೆ. ದ್ವಾರಕೀಶ್ ತಮ್ಮನ್ನು ‘ಕುಳ್ಳ’ ಎಂದು ತಾವೇ ಕರೆದುಕೊಂಡು, ‘ಕಳ್ಳ ಕುಳ್ಳ’, ‘ಪ್ರಚಂಡ ಕುಳ್ಳ’ ಎಂದು ಪೋಸ್ಟರಿಗೂ ಏರಿಸಿ ಗೆದ್ದರು. ಎಲ್ಲರಿಗೂ ಆ ಎದೆಗಾರಿಕೆ ಇರಬೇಕೆಂದು ಕೇಳುವುದು ನ್ಯಾಯವಲ್ಲ. ಹೆಣ್ಣು ನೋಡಲು ಹೋದಲ್ಲಿ, ಗ್ರೂಪ್ ಫೋಟೊದಲ್ಲಿ, ಬಸ್ಸಿನ ಕಂಬಿಗೆ ಕೈ ಎಟುಕದಾಗ ಆಗುವ ಮುಜುಗರ ಅನುಭವಿಸಿದವರಿಗೇ ಗೊತ್ತು. ಬೆಳವಣಿಗೆ ನಿಂತ ಮೇಲೆ ಪುಡಿ, ಮಾತ್ರೆ, ಕಂಬಿಗೆ ಜೋತಾಡುವುದು ಯಾವುದೂ ಮೂಳೆಯನ್ನು ಉದ್ದ ಮಾಡುವುದಿಲ್ಲ. ಆ ಲೆಕ್ಕದಲ್ಲಿ ನಿಜಕ್ಕೂ ಎತ್ತರ ಕೊಡುವುದು ಈ ಆಪರೇಷನ್ ಒಂದೇ. ಇದು ಮೋಸವಲ್ಲ, ನಿಜವಾದ ವಿದ್ಯೆ. ಅದಕ್ಕೇ ಇದರ ಬಗ್ಗೆ ಸರಿಯಾಗಿ ಮಾತಾಡಬೇಕು.

ವಿದ್ಯೆ ಹುಟ್ಟಿದ್ದು ಸೈಬೀರಿಯಾದ ಕುರ್ಗಾನ್ ಎಂಬ ಊರಲ್ಲಿ. ಗಾವ್ರಿಲ್ ಇಲಿಜಾರೊವ್ ಎಂಬ ವೈದ್ಯ 1950ರ ದಶಕದ ಆರಂಭದಲ್ಲಿ ಕಾಲಿನ ಸುತ್ತ ಲೋಹದ ಬಳೆಗಳನ್ನು ಕೂರಿಸಿ, ಸೈಕಲ್ ಕಡ್ಡಿಯಂಥ ತಂತಿಗಳನ್ನು ಮೂಳೆಯೊಳಗೆ ತೂರಿಸಿ ಬಿಗಿದು, ಕೂಡದ ಮೂಳೆಗಳನ್ನು ಕೂಡಿಸಿದರು. ನಿಧಾನವಾಗಿ ಎಳೆದರೆ ಕತ್ತರಿಸಿದ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೈಜಂಪ್ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಕಳೆದುಕೊಳ್ಳುವ ಸ್ಥಿತಿಗೆ ಬಂದಾಗ ಕೊನೆಗೆ ಕಾಲು ಉಳಿದದ್ದು ಇಲಿಜಾರೊವ್ ಕೈಯಲ್ಲಿ. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ 1980ರಲ್ಲಿ ಕುರ್ಗಾನ್‌ವರೆಗೆ ಹೋಗಿ ಚಿಕಿತ್ಸೆ ಪಡೆದ ಮೇಲೆ ಪಶ್ಚಿಮ ಯುರೋಪಿನವರಿಗೆ ಈ ವಿದ್ಯೆ ಪರಿಚಯವಾಯಿತು. ಗಮನಿಸಬೇಕಾದ್ದು ಎಂದರೆ, ಇಬ್ಬರೂ ಗಾಯಾಳುಗಳು. ಅವರ ಮುಂದಿದ್ದದ್ದು ಕುಂಟುವ ಕಾಲು. ನನ್ನ ತಮ್ಮನ ಮುಂದಿರುವುದು ಚೆನ್ನಾಗಿ ಓಡುವ ಎರಡು ಕಾಲು.

ಕೆಲಸ ನಡೆಯುವ ರೀತಿ ಹೀಗೆ. ಮೂಳೆಯನ್ನು ಕತ್ತರಿಸಿ ಐದಾರು ದಿನ, ಕೆಲವೊಮ್ಮೆ ಒಂದು ವಾರ ಬಿಡುತ್ತಾರೆ. ಆಮೇಲೆ ದಿನಕ್ಕೆ 1 ಮಿ.ಮೀ.ನಂತೆ, ಅದನ್ನೂ ಕಾಲು ಕಾಲು ಮಿ.ಮೀ.ನ ನಾಲ್ಕು ಕಂತು ಮಾಡಿ, ತುಂಡುಗಳನ್ನು ದೂರ ಸರಿಸುತ್ತಾರೆ. ರಿಂಗಿನಲ್ಲಾದರೆ ಸ್ಪ್ಯಾನರ್ ಹಿಡಿದು ನಟ್ಟು ತಿರುಗಿಸುವುದು ರೋಗಿಯೋ ಮನೆಯವರೋ. ಬೇಗ ಎಳೆದರೆ ನಡುವೆ ಮೂಳೆ ತುಂಬುವುದಿಲ್ಲ. ತೀರಾ ನಿಧಾನವಾದರೆ ಗುರಿ ಮುಟ್ಟುವ ಮೊದಲೇ ಕೂಡಿಕೊಂಡುಬಿಡುತ್ತದೆ. 5 ಸೆಂ.ಮೀ. ಬೇಕೆಂದರೆ ಎಳೆಯುವುದಕ್ಕೇ 50 ದಿನ. ಹುಟ್ಟಿದ ಎಳೆ ಮೂಳೆ ಗಟ್ಟಿಯಾಗಲು ಅದರ ಎರಡು ಮೂರು ಪಟ್ಟು ಕಾಲ. ಒಂದು ಸೆಂಟಿಮೀಟರಿಗೆ ಒಂದರಿಂದ ಒಂದೂವರೆ ತಿಂಗಳು ಎನ್ನುವುದು ಬಾಯಿಲೆಕ್ಕ. ಎಲ್ಲ ಸರಿಹೋದರೆ ಮಾತ್ರ ಈ ಲೆಕ್ಕ.

ಮೂಳೆ ಒಪ್ಪಿದಷ್ಟು ಸುಲಭವಾಗಿ ಸ್ನಾಯು ಒಪ್ಪುವುದಿಲ್ಲ, ನರವಂತೂ ಇನ್ನೂ ಹಟಮಾರಿ. ಮೊಣಕಾಲ ಕೆಳಗಿನ ಮೂಳೆಯನ್ನು ಎಳೆದರೆ ಮೀನಖಂಡ ಬಿಗಿದು ಹಿಮ್ಮಡಿ ನೆಲ ಬಿಡುತ್ತದೆ, ಬೆರಳ ತುದಿಯಲ್ಲಿ ನಿಂತಂತೆ. ತೊಡೆಯ ಮೂಳೆಯನ್ನು ಎಳೆದರೆ ಮಂಡಿ ಬಗ್ಗುವುದು ಕಷ್ಟವಾಗುತ್ತದೆ. ನರಕ್ಕೆ ಪೆಟ್ಟಾದರೆ ಪಾದ ಜೋಲುಬೀಳುತ್ತದೆ. ಇದನ್ನು ತಡೆಯಲು ಇರುವುದು ದಿನವೂ ಗಂಟೆಗಟ್ಟಲೆ ವ್ಯಾಯಾಮ. ಟವೆಲ್ ಸುತ್ತಿ ಪಾದವನ್ನು ತನ್ನ ಕಡೆ ಎಳೆದುಕೊಳ್ಳುವುದು ನೋಡಲು ಏನೂ ಅಲ್ಲ. ಆರಡಿ ಗಂಡಸರು ಅದನ್ನು ಮಾಡುತ್ತ ಮಗುವಿನಂತೆ ಅತ್ತದ್ದನ್ನು ನೋಡಿದ್ದೇನೆ. ನಾಲ್ಕು ದಿನ ತಪ್ಪಿಸಿಕೊಂಡು ಬಂದವರ ಪಾದ ಎಲ್ಲಿಗೆ ಬಂದಿರುತ್ತದೆ ಎಂಬುದು ಬಾಗಿಲಲ್ಲೇ ಕಾಣುತ್ತದೆ.

ಈಗ ಊರಿನ ಮಾತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರಿಗೆ ಸುಮಾರು ಐವತ್ತು ಅರವತ್ತು ಕಿಲೊಮೀಟರ್ ಫಾಸಲೆಯಲ್ಲಿವೆ. ಜಿಲ್ಲೆಯ ಹೆಸರೇ ಈಗ ಬೆಂಗಳೂರು ದಕ್ಷಿಣ. ಹೆಸರು ಬದಲಾದ ಮಾತ್ರಕ್ಕೆ ಆಸ್ಪತ್ರೆ ಹತ್ತಿರ ಬರಲಿಲ್ಲ. ಮೆಡಿಕಲ್ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂದು 2023ರಲ್ಲಿ ನಮ್ಮಲ್ಲಿ ಬಂದ್ ಕೂಡ ಆಯಿತು. ಆ ಜಗಳ ಏನೇ ಇರಲಿ, ಕಾಲು ಉದ್ದ ಮಾಡಿಸಿಕೊಳ್ಳುವವನು ಇವತ್ತಿನ ಸ್ಥಿತಿಯಲ್ಲಿ ಬೆಂಗಳೂರಿಗೇ ಹೋಗಬೇಕು.

ಚನ್ನಪಟ್ಟಣ, ರಾಮನಗರದವರಿಗೆ ರೈಲಿದೆ ಎನ್ನುತ್ತೀರೇನೋ. ಬೆಳಗಿನ ರೈಲಿನಲ್ಲಿ ಎರಡು ಗಟ್ಟಿ ಕಾಲಿದ್ದ ನನಗೇ ನಿಲ್ಲಲು ಜಾಗ ಸಿಗುವುದಿಲ್ಲ. ಕನಕಪುರ, ಮಾಗಡಿಗೆ ಅದೂ ಇಲ್ಲ, ರಸ್ತೆಯೇ ಗತಿ. ಎರಡೂ ಕಾಲಿಗೆ ರಿಂಗಿರುವವನು ಬಸ್ಸಿನ ಮೆಟ್ಟಿಲು ಹತ್ತಲಾರ. ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂರಬೇಕು, ಹಂಪು ಬಂದಾಗಲೆಲ್ಲ ಹಲ್ಲು ಕಚ್ಚಬೇಕು. ಎಳೆಯುವ ದಿನಗಳಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಎಕ್ಸ್‌ರೇ, ಜೊತೆಗೆ ವಾರವಿಡೀ ಫಿಜಿಯೋ. ಹಳ್ಳಿಯಿಂದ ಓಡಾಡಿಕೊಂಡು ಇದನ್ನು ನಿಭಾಯಿಸುತ್ತೇನೆ ಎನ್ನುವುದು ಆಗದ ಮಾತು.

ಮನೆಯನ್ನೂ ನೋಡಿ. ಹೊಸ್ತಿಲು ಎಷ್ಟು ಎತ್ತರ? ಕಕ್ಕಸು ಮನೆಯ ಒಳಗೋ ಹಿತ್ತಿಲಲ್ಲೋ? ಕೂರುವ ಬಗೆಯದಾದರೆ ಆರು ತಿಂಗಳು ಅದರ ಆಸೆ ಬಿಡಬೇಕು, ಕಮೋಡ್ ಚೇರ್ ಬೇಕು, ಅದನ್ನು ಎತ್ತಿ ಸ್ವಚ್ಛ ಮಾಡಲು ಒಬ್ಬರು ಬೇಕು. ಆ ಒಬ್ಬರು ಯಾರು? ನಮ್ಮ ಮನೆಗಳಲ್ಲಿ ಅದು ಅವ್ವನೇ. ಚಿಕ್ಕವ್ವ ಬೆಳಿಗ್ಗೆ ಐದಕ್ಕೆ ಎದ್ದು ಸೊಪ್ಪು ಕೊಯ್ದು ಹುಳುವಿಗೆ ಹಾಕುವವರು. ಅವರನ್ನು ಆರು ತಿಂಗಳು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂರಿಸಿದರೆ ಹುಳು ಮನೆ ಯಾರು ನೋಡುತ್ತಾರೆ ಎಂದು ಕೇಳಿದ್ದಕ್ಕೆ ತಮ್ಮನ ಬಳಿ ಉತ್ತರವಿರಲಿಲ್ಲ. ಡಾಕ್ಟರ ಫೀಸು ಮಾತ್ರ ಅವನ ಲೆಕ್ಕದಲ್ಲಿತ್ತು. ನೆಲಮಹಡಿಯ ಕೋಣೆಯ ಬಾಡಿಗೆ, ಫಿಜಿಯೋ, ಎಕ್ಸ್‌ರೇ, ವಾಕರ್, ಕಾರು, ಕೊನೆಗೆ ರಿಂಗೋ ರಾಡೋ ತೆಗೆಸುವ ಇನ್ನೊಂದು ಆಪರೇಷನ್, ಒಂದು ವರ್ಷದ ದುಡಿಮೆಯ ನಷ್ಟ ಇರಲಿಲ್ಲ. ಆರೋಗ್ಯ ವಿಮೆಯ ಆಸೆಯೂ ಬೇಡ. ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯನ್ನು ಪಾಲಿಸಿಗಳು ಹೊರಗಿಟ್ಟಿರುತ್ತವೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಡೆಯವರಿಗೆ ಅನುಕೂಲವಿದೆ ಅನ್ನಿಸುತ್ತದೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವರಿಗೆ ಸೋಂಕು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕೈ ತೊಳೆಯದೆ ತಟ್ಟೆ ಮುಟ್ಟಿದರೆ ಒಂದಿಡೀ ಬೆಳೆ ಹೋಗುತ್ತದೆಂದು ಗೊತ್ತು. ಪಿನ್ನಿನ ಸುತ್ತ ದಿನವೂ ಒರೆಸುವ ಶಿಸ್ತನ್ನು ಅಂಥ ಮನೆಯ ಹೆಂಗಸರು ಬೇಗ ಕಲಿಯುತ್ತಾರೆ, ನಗರದವರಿಗಿಂತ ಚೆನ್ನಾಗಿ ಮಾಡುತ್ತಾರೆ. ಇದು ನನ್ನ ಕಣ್ಣಳತೆ, ಅಷ್ಟೇ.

ದೂರದ ಊರಿನ ಪ್ಯಾಕೇಜ್‌ಗಳು ಈ ಇಡೀ ಭಾಗವನ್ನು ಮರೆಸುತ್ತವೆ. ಏರ್‌ಪೋರ್ಟ್‌ನಿಂದ ಕರೆದೊಯ್ಯುತ್ತಾರೆ, ಹೋಟೆಲ್ ಕೊಡುತ್ತಾರೆ, ಕೆಲವು ವಾರದಲ್ಲಿ ಕಳಿಸುತ್ತಾರೆ. ಊರಿಗೆ ಬಂದ ಮೇಲೆ ಒಂದು ರಾತ್ರಿ ಮೀನಖಂಡ ಊದಿ ಬಿಸಿಯಾಯಿತು ಅನ್ನಿ. ರಕ್ತ ಹೆಪ್ಪುಗಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು. ಆಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ಇಸ್ತಾಂಬುಲ್ ಏಳುವುದನ್ನು ಕಾಯುತ್ತೀರಾ? ಇಲ್ಲಿನ ಡಾಕ್ಟರು ಜೀವ ಉಳಿಸುತ್ತಾರೆ, ಆದರೆ ಬೇರೆಯವರು ಹಾಕಿದ ರಾಡಿಗೆ ಕೈ ಹಾಕಲು ಹಿಂಜರಿಯುತ್ತಾರೆ. ಆ ರಾಡಿನ ಸಲಕರಣೆಯೇ ಇಲ್ಲಿ ಇಲ್ಲದಿರಬಹುದು. ಕುರ್ಗಾನ್‌ಗೆ ಹೋದವರು ಕಾಲು ಗಟ್ಟಿಯಾಗುವತನಕ ಅಲ್ಲಿ ಉಳಿದು ಚಿಕಿತ್ಸೆ ಪಡೆಯುತ್ತಿದ್ದರು. ಈಗಿನ ಪ್ಯಾಕೇಜು ಮೂಳೆ ಕತ್ತರಿಸುವುದನ್ನು ಅಲ್ಲಿ ಮಾಡಿ, ಮೂಳೆ ಬೆಳೆಸುವುದನ್ನು ನಿಮ್ಮ ಮನೆಗೆ ಬಿಡುತ್ತದೆ. ಡಾಕ್ಟರು ಎಷ್ಟೇ ದೊಡ್ಡವರಿರಲಿ, ಒಂದೂವರೆ ಗಂಟೆಯೊಳಗೆ ನಿಮ್ಮ ಕಾಲು ಅವರ ಕಣ್ಣಿಗೆ ಬೀಳುವಂತಿರಬೇಕು. ಇಲ್ಲವಾದರೆ ಮೂಳೆ ಗಟ್ಟಿಯಾಗುವವರೆಗೆ ಅವರ ಊರಲ್ಲೇ ಉಳಿಯಬೇಕು. ಇವೆರಡೂ ಆಗದಿದ್ದರೆ ಆ ಡಾಕ್ಟರು ನಿಮಗಲ್ಲ.

ರಿಂಗು ಬೇಡ, ಮೂಳೆಯೊಳಗೇ ಇರುವ ಮ್ಯಾಗ್ನೆಟ್ ರಾಡು ಹಾಕಿಸಿಕೊಂಡರಾಯಿತು ಎನ್ನುವವರಿದ್ದಾರೆ. ಪಿನ್ನಿನ ಸೋಂಕು ತಪ್ಪುತ್ತದೆ, ನಿಜ. ದುಡ್ಡು ಹಲವು ಪಟ್ಟು. ಸ್ನಾಯುವಿನ ಬಿಗಿತ, ನರದ ತೊಂದರೆ ತಪ್ಪುವುದಿಲ್ಲ. ಹೊಸದೆಲ್ಲ ಒಳ್ಳೆಯದೆಂಬ ನಂಬಿಕೆಗೂ ಇಲ್ಲಿ ಪೆಟ್ಟು ಬಿದ್ದಿದೆ. ‘ಪ್ರಿಸೈಸ್ ಸ್ಟ್ರೈಡ್’ ಎಂಬ ರಾಡು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಡೆಯಬಹುದು ಎಂಬ ಕಾರಣಕ್ಕೆ ಎತ್ತರ ಬಯಸುವವರ ಬಾಯಲ್ಲಿ ಮನೆಮಾತಾಗಿತ್ತು. ರಾಡಿನ ಕೂಡುಜಾಗದಲ್ಲಿ ತುಕ್ಕು, ಸುತ್ತಲಿನ ಮೂಳೆಯಲ್ಲಿ ಬದಲಾವಣೆ ಕಂಡುಬಂದು 2021ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡರು. ಆ ಹೊತ್ತಿಗೆ ಅದು ಎಷ್ಟೋ ಜನರ ಕಾಲೊಳಗಿತ್ತು.

ಹೈದರಾಬಾದಿನ ಪ್ರಕರಣ ಕೆಲವರಿಗೆ ನೆನಪಿರಬಹುದು. 2016ರ ಏಪ್ರಿಲ್‌ನಲ್ಲಿ ಇಪ್ಪತ್ತರ ಹರೆಯದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬ ಮನೆಯವರಿಗೆ ಹೇಳದೆ ಹೋಗಿ ಎರಡೂ ಕಾಲಿಗೆ ಈ ಆಪರೇಷನ್ ಮಾಡಿಸಿಕೊಂಡ. ಮಗ ಕಾಣುತ್ತಿಲ್ಲವೆಂದು ತಂದೆ ತಾಯಿ ಪೊಲೀಸರ ಬಳಿ ಹೋದರು. ಕೊನೆಗೆ ಸಿಕ್ಕಿದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ. ಟಿ.ವಿ.ಗಳಲ್ಲಿ ದೊಡ್ಡ ಗದ್ದಲವಾಯಿತು, ಮುಂದೆ ತೆಲಂಗಾಣ ವೈದ್ಯಕೀಯ ಮಂಡಳಿ ಆ ಶಸ್ತ್ರಚಿಕಿತ್ಸಕರನ್ನು ಎರಡು ವರ್ಷ ಅಮಾನತು ಮಾಡಿತು. ಆಗ ಚರ್ಚೆಯೆಲ್ಲ ‘ಪ್ರಾಯಕ್ಕೆ ಬಂದವನಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕೇ’ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ಕಾನೂನಿನಂತೆ ಬೇಡ, ಅವನ ಸಹಿ ಸಾಕು. ನನಗೆ ಕಾಡುವ ಪ್ರಶ್ನೆ ಬೇರೆ. ಮನೆಯವರಿಗೇ ಗೊತ್ತಿಲ್ಲದೆ ಒಬ್ಬ ಹುಡುಗ ಬಂದು ಮಲಗಿದಾಗ ‘ನಾಳೆಯಿಂದ ನಿನ್ನನ್ನು ಎತ್ತಿ ಕೂರಿಸುವವರು ಯಾರಪ್ಪಾ?’ ಎಂದು ಯಾರೂ ಕೇಳಲಿಲ್ಲವೇ? ಆ ಪ್ರಶ್ನೆ ಕೇಳಿದ್ದರೆ ಗುಟ್ಟು ಗುಟ್ಟಾಗಿ ಉಳಿಯುತ್ತಲೇ ಇರಲಿಲ್ಲ. ಚೀನಾ 2006ರಲ್ಲೇ ಬರೀ ಎತ್ತರಕ್ಕಾಗಿ ಮಾಡುವ ಈ ಆಪರೇಷನ್ನನ್ನು ನಿಷೇಧಿಸಿತು. ನಮ್ಮಲ್ಲಿ ಅಂಥ ನಿಷೇಧವಿಲ್ಲ. ಹಾಗಾಗಿ ಡಾಕ್ಟರನ್ನು ಆರಿಸುವ ಭಾರ ಪೂರ್ತಿ ನಮ್ಮ ತಲೆಯ ಮೇಲಿದೆ.

ಆರಿಸುವುದು ಹೇಗೆ? ‘ಎತ್ತರ ತಜ್ಞ’ ಎಂಬ ಪದವಿ ಯಾವ ವಿಶ್ವವಿದ್ಯಾಲಯವೂ ಕೊಡುವುದಿಲ್ಲ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಅಥವಾ ಡಿ.ಎನ್.ಬಿ. ಮಾಡಿ, ಆಮೇಲೆ ವರ್ಷಗಟ್ಟಲೆ ಡೊಂಕು ಕಾಲು, ಗಿಡ್ಡ ಕಾಲು, ಕೂಡದ ಮೂಳೆ ಇವುಗಳಲ್ಲೇ ಕೈ ಪಳಗಿಸಿಕೊಂಡವರು ಬೇಕು. ಹೆಸರು ನೋಂದಣಿಯಾಗಿದೆಯೇ ಎಂಬುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೈದ್ಯರ ಪಟ್ಟಿಯಲ್ಲಿ ಮೊಬೈಲಿನಲ್ಲೇ ನೋಡಬಹುದು; ನಮ್ಮ ರಾಜ್ಯದವರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲೂ ವಿಚಾರಿಸಬಹುದು. ಇಲಿಜಾರೊವ್ ವಿಧಾನ ಬಳಸುವ ಮೂಳೆ ವೈದ್ಯರ ಸಂಘವೊಂದು ನಮ್ಮ ದೇಶದಲ್ಲಿದೆ, ‘ಅಸಾಮಿ ಇಂಡಿಯಾ’ ಎಂದು. ಅದರ ಸದಸ್ಯರಾಗಿದ್ದ ಮಾತ್ರಕ್ಕೆ ಕೈ ಒಳ್ಳೆಯದೆಂದು ಅರ್ಥವಲ್ಲ, ಹುಡುಕಲು ಒಂದು ದಾರಿ ಅಷ್ಟೇ.

ರೀಲ್ಸ್ ನೋಡಿ ಡಾಕ್ಟರನ್ನು ಆರಿಸಬೇಡಿ ಎಂದು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದೇ ತಪ್ಪು. ಮೊದಲ ನಿಯಮವನ್ನೇ ಮುರಿದು ಕರೆಯುವವರು ಮುಂದಿನ ನಿಯಮಗಳನ್ನು ಪಾಲಿಸುತ್ತಾರೆಂದು ಯಾಕೆ ನಂಬಬೇಕು? ‘ಇವತ್ತು ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ’ ಎನ್ನುವ ಕಡೆಯಿಂದ ಎದ್ದು ಬನ್ನಿ. ಅದೇನು ಸೀರೆ ಅಂಗಡಿಯೇ?

ಮುಖಾಮುಖಿ ಕೂತಾಗ ಕೇಳಬೇಕಾದ್ದು ಇನ್ನೂ ಮುಖ್ಯ. ಡ್ರೋರ್ ಪೇಲಿ ಎಂಬ ಮೂಳೆ ವೈದ್ಯರು 1990ರಲ್ಲಿ ಈ ಚಿಕಿತ್ಸೆಯ ತೊಂದರೆಗಳನ್ನು ಮೂರು ಬಗೆ ಮಾಡಿದರು. ಮತ್ತೊಂದು ಆಪರೇಷನ್ ಇಲ್ಲದೆ ಸರಿಹೋಗುವುದು ಒಂದು. ಆಪರೇಷನ್ ಬೇಕಾದರೂ ಚಿಕಿತ್ಸೆ ಮುಗಿಯುವುದರೊಳಗೆ ಸರಿಹೋಗುವುದು ಎರಡನೆಯದು. ಚಿಕಿತ್ಸೆ ಮುಗಿದರೂ ಉಳಿದುಬಿಡುವುದು ಮೂರನೆಯದು. ‘ಡಾಕ್ಟ್ರೇ, ಬರೀ ಎತ್ತರಕ್ಕಾಗಿ ಎರಡೂ ಕಾಲು ಮಾಡಿಸಿಕೊಂಡವರು ನಿಮ್ಮಲ್ಲಿ ಎಷ್ಟು ಜನ? ಅವರಲ್ಲಿ ಎಷ್ಟು ಜನಕ್ಕೆ ಮತ್ತೆ ಥಿಯೇಟರಿಗೆ ಹೋಗಬೇಕಾಯಿತು? ಎಷ್ಟು ಜನಕ್ಕೆ ತೊಂದರೆ ಉಳಿದುಬಿಟ್ಟಿತು?’ ಎಂದು ಕೇಳಿ. ‘ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ’ ಎನ್ನುವವರು ಒಂದೋ ಕಡಿಮೆ ಮಾಡಿದ್ದಾರೆ, ಇಲ್ಲವೇ ಸುಳ್ಳು ಹೇಳುತ್ತಿದ್ದಾರೆ. ಚಿಕಿತ್ಸೆ ಮುಗಿಸಿ ಎರಡು ವರ್ಷವಾದ ಒಬ್ಬರನ್ನು, ಈಗ ಎಳೆಯುವ ಹಂತದಲ್ಲಿರುವ ಒಬ್ಬರನ್ನು ಅವರ ಒಪ್ಪಿಗೆಯಿದ್ದರೆ ಭೇಟಿ ಮಾಡಿಸಲು ಕೇಳಿ. ಮೊದಲನೆಯವರು ಮೆಟ್ಟಿಲಿಳಿಯುವುದನ್ನು ನೋಡಿ. ಎರಡನೆಯವರ ಹಿಮ್ಮಡಿ ನೋಡಿ.

ಇನ್ನೊಂದು ಪ್ರಶ್ನೆ ಬಹುಪಾಲು ಹುಡುಗ ಹುಡುಗಿಯರು ಕೇಳುವುದೇ ಇಲ್ಲ: ‘ನಾನು 5 ಸೆಂ.ಮೀ. ಕೇಳಿ, ಮೂರಕ್ಕೇ ನರ ತೊಂದರೆ ಕೊಟ್ಟರೆ ನೀವು ಏನು ಮಾಡುತ್ತೀರಿ?’ ‘ಅಲ್ಲಿಗೇ ನಿಲ್ಲಿಸುತ್ತೇನೆ, ನೀನು ಅತ್ತು ಕರೆದರೂ ಮುಂದೆ ಹೋಗುವುದಿಲ್ಲ’ ಎಂದವರು ನನ್ನ ಲೆಕ್ಕದಲ್ಲಿ ಒಳ್ಳೆಯ ಡಾಕ್ಟರು. ಸಿಗರೇಟು ಸೇದುತ್ತೀಯಾ ಎಂದು ಕೇಳಿ ಬಿಡದಿದ್ದರೆ ಆಪರೇಷನ್ ಇಲ್ಲ ಎನ್ನುವವರು, ಮೊದಲು ಮನೋವೈದ್ಯರನ್ನು ನೋಡಿ ಬಾ ಎನ್ನುವವರು ನಿಮ್ಮನ್ನು ಅವಮಾನಿಸುತ್ತಿಲ್ಲ. ಹೊಗೆ ಮೂಳೆ ಕೂಡುವುದನ್ನು ತಡಮಾಡುತ್ತದೆ. ಮನಸ್ಸಿನ ವಿಷಯವೂ ಹಾಗೇ. ಸರಾಸರಿ ಎತ್ತರವಿದ್ದೂ ಕನ್ನಡಿ ಮುಂದೆ ಕುಗ್ಗುವವರಿಗೆ ಕಾಲು ಉದ್ದವಾದ ಮೇಲೂ ಆ ಕುಗ್ಗುವಿಕೆ ಹೋಗದಿರಬಹುದು. ನಿಮ್ಹಾನ್ಸ್ ಇರುವುದು ನಮ್ಮ ಪಕ್ಕದಲ್ಲೇ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲದೆ.

ಕಾನೂನಿನ ಮಾತು ಎರಡು. ದುಡ್ಡು ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೆಹಲಿಯಲ್ಲಿ ಆದ ತೊಂದರೆಗೆ ದೆಹಲಿಗೆ ಅಲೆಯಬೇಕಿಲ್ಲ. ಇಸ್ತಾಂಬುಲ್ಲಿನವರ ಮೇಲೆ ಇದು ಎಷ್ಟರಮಟ್ಟಿಗೆ ನಡೆದೀತು ನೀವೇ ಯೋಚಿಸಿ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ. ಮೊದಲ ದಿನದಿಂದಲೇ ಎಕ್ಸ್‌ರೇ, ಚೀಟಿಗಳನ್ನು ಒಂದು ಫೈಲಿನಲ್ಲಿಡಿ.

ಇಷ್ಟೆಲ್ಲ ಹೇಳಿಯೂ ನನ್ನ ತಮ್ಮನಂಥವರಿಗೆ ಇದು ಬೇಡ ಎಂದೇ ನನ್ನ ಮಾತು. ಅವನಿಗೆ ಎತ್ತರ ಬೇಕಾಗಿರುವುದು ಅಳತೆಗೋಲಿನ ಕೆಳಗೆ ನಿಲ್ಲಲು. ಆದರೆ ಪೊಲೀಸ್ ಆಯ್ಕೆಯ ಮೈದಾನದಲ್ಲಿ ಅಳತೆಗೋಲು ಒಂದೇ ಇಲ್ಲ. 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. 3.80 ಮೀಟರ್ ಉದ್ದ ಜಿಗಿತ ಅಥವಾ 1.20 ಮೀಟರ್ ಎತ್ತರ ಜಿಗಿತ, ಜೊತೆಗೆ 7.26 ಕೆ.ಜಿ. ಗುಂಡನ್ನು 5.60 ಮೀಟರ್ ಎಸೆಯಬೇಕು. ಅವನೀಗ ಊರ ಶಾಲೆಯ ಮೈದಾನದಲ್ಲಿ ಆ ಓಟವನ್ನು ಆರು ನಿಮಿಷದೊಳಗೆ ಮುಗಿಸುತ್ತಾನೆ. ಎಳೆದ ಕಾಲಿನಲ್ಲಿ ಕುಂಟದೆ ನಡೆಯುವುದೇ ತಿಂಗಳುಗಟ್ಟಲೆಯ ಕೆಲಸ. ಮೊದಲಿನ ಓಟ, ಮೊದಲಿನ ಜಿಗಿತ ವಾಪಸ್ ಬರುತ್ತದೆಂದು ಪ್ರಾಮಾಣಿಕ ಡಾಕ್ಟರು ಯಾರೂ ಬರೆದುಕೊಡುವುದಿಲ್ಲ. ಅದೂ ಬಂತೆನ್ನಿ, ವೈದ್ಯಕೀಯ ಪರೀಕ್ಷೆಯಲ್ಲಿ ಎರಡೂ ಕಾಲಿನ ಗಾಯದ ಗುರುತು, ಮೂಳೆಯೊಳಗಿನ ರಾಡು ಕಾಣದೆ ಹೋಗುವುದಿಲ್ಲ. ಅಷ್ಟರಲ್ಲಿ ವಯೋಮಿತಿಯ ಒಂದೂವರೆ ಎರಡು ವರ್ಷ ಉರಿದುಹೋಗಿರುತ್ತದೆ. ಅದೇ ಸಮಯ, ಅದರ ಹತ್ತರಲ್ಲೊಂದು ಪಾಲು ದುಡ್ಡಿನಲ್ಲಿ ಪಿ.ಡಿ.ಒ., ಗ್ರಾಮ ಆಡಳಿತಾಧಿಕಾರಿ, ಎಫ್.ಡಿ.ಎ. ಪರೀಕ್ಷೆಗೆ ಓದಬಹುದು. ಅಲ್ಲಿ ಯಾರೂ ಗೋಡೆಗೆ ಒರಗಿಸಿ ಅಳೆಯುವುದಿಲ್ಲ. ‘ಖಾಕಿನೇ ಬೇಕು ಕಣಕ್ಕ’ ಎಂದ. ಆ ಆಸೆಗೆ ನನ್ನ ಬಳಿ ಉತ್ತರವಿಲ್ಲ.

ಕೆಲಸಕ್ಕಲ್ಲದೆ ತನಗಾಗಿಯೇ ಬೇಕು ಎನ್ನುವವರ ವಿಷಯ ಬೇರೆ. ದುಡಿದು ಕೂಡಿಟ್ಟ ದುಡ್ಡಿದೆ, ಒಂದು ವರ್ಷ ಬಿಡುವಿದೆ, ನೋಡಿಕೊಳ್ಳುವವರು ತಿಳಿದು ಒಪ್ಪಿದ್ದಾರೆ ಎಂದರೆ ಅವರ ಕಾಲು, ಅವರ ತೀರ್ಮಾನ. ಅಂಥವರು ಬರಲಿ, ನಾವು ಮಂಡಿ ಬಗ್ಗಿಸಿಕೊಡುತ್ತೇವೆ.

ತಮ್ಮ ಇನ್ನೂ ಪಟ್ಟು ಬಿಟ್ಟಿಲ್ಲ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯ ಒಪಿಡಿಯಲ್ಲಿ ಒಮ್ಮೆ ತೋರಿಸೋಣ, ಅದು ಸರ್ಕಾರಿ ಸಂಸ್ಥೆ, ನೀನು ಮಾಡಿಸಿಕೊಂಡರೂ ಬಿಟ್ಟರೂ ಅವರಿಗೆ ಲಾಭವಿಲ್ಲ ಎಂದಿದ್ದಕ್ಕೆ ಒಪ್ಪಿದ್ದಾನೆ. ಬರುವ ಸೋಮವಾರ ಮೊದಲ ಬಸ್ಸಿಗೆ ಬರುತ್ತಾನೆ. ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಾ, ನಾನು ಪಕ್ಕದಲ್ಲಿ ಕೂತಿರುತ್ತೇನೆ, ಕೇಳುವುದು ನೀನೇ ಕೇಳು ಎಂದಿದ್ದೇನೆ. ತೋಟದ ಪತ್ರ ಅಲ್ಲಿಯವರೆಗೆ ಬೀರುವಿನಲ್ಲೇ ಇರಲಿ ಎಂದು ಚಿಕ್ಕಪ್ಪನಿಗೂ ಫೋನ್ ಮಾಡಿ ಹೇಳಿದೆ.